ಕಾವುಪೆಟ್ಟಿಗೆಯೊಳಗಿನ ಕೊನೆಯ ಮೂರು ದಿನಗಳು

2020ರ ಮಾರ್ಚ್ 25ರಂದು ದೇಶವಿಡೀ ಬಾಗಿಲು ಹಾಕಿಕೊಂಡಾಗ ‘ಲಾಕ್‌ಡೌನ್’ ಎಂಬ ಪದ ನಮ್ಮೆಲ್ಲರ ಮನೆಮಾತಾಯಿತು. ಆದರೆ ಕೃತಕ ಕಾವಿನಲ್ಲಿ ಕೋಳಿಮರಿ ಮಾಡಿಸುವ ಹವ್ಯಾಸಿಗಳ ನಡುವೆ ಆ ಪದ ಅದಕ್ಕೂ ಬಹಳ ಮೊದಲೇ ಬಳಕೆಯಲ್ಲಿತ್ತು. ಕೋಳಿಮೊಟ್ಟೆಗೆ ಬೇಕಾದ 21 ದಿನಗಳ ಕಾವಿನಲ್ಲಿ 18 ದಿನಗಳು ಕಳೆದ ಮೇಲೆ ಇನ್‌ಕ್ಯುಬೇಟರಿನ ಮುಚ್ಚಳವನ್ನು ಹಾಕಿ, ಮರಿಗಳು ಹೊರಬರುವ ತನಕ ಅದನ್ನು ತೆರೆಯದೆ ಇರುವ ಅವಧಿಗೆ ಅವರು ಕೊಟ್ಟಿರುವ ಹೆಸರು ಅದು. ನಮ್ಮ ದೇಶದ ಮೊದಲ ಲಾಕ್‌ಡೌನ್ ಕೂಡ 21 ದಿನಗಳದ್ದೇ ಆಗಿತ್ತೆಂಬುದು ಕೇವಲ ಕಾಕತಾಳೀಯ.

ಈ ಕೊನೆಯ ಮೂರು ದಿನಗಳಲ್ಲಿ ಮೊಟ್ಟೆಯೊಳಗೆ ಏನು ನಡೆಯುತ್ತದೆ, ಪೆಟ್ಟಿಗೆಯ ಹೊರಗೆ ನಿಂತವರು ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮಹಾನಗರದ ಓದುಗರಿಗೆ ಇದೆಂತಹ ವಿಷಯ ಎಂದು ಕೆಲವರಿಗೆ ಅನ್ನಿಸಬಹುದು. ಊರಿನಲ್ಲಿ ಮನೆ ತೋಟಗಳನ್ನು ಉಳಿಸಿಕೊಂಡಿರುವವರು, ನಿವೃತ್ತಿಯ ಅನಂತರ ಅಲ್ಲಿಗೆ ಮರಳುವ ಯೋಚನೆಯಲ್ಲಿರುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಹತ್ತು ಹನ್ನೆರಡು ಮೊಟ್ಟೆ ಹಿಡಿಯುವ ಸಣ್ಣ ಯಂತ್ರಗಳು ಇಂದು ಸುಲಭವಾಗಿ ದೊರೆಯುತ್ತವೆ. ಮಕ್ಕಳಿಗಾಗಿ ಅವನ್ನು ಕೊಳ್ಳುವ ಮನೆಗಳೂ ಇವೆ. ಕೊಂಡವರಲ್ಲಿ ಹಲವರು ಮೊದಲ ಸಲ ಸೋಲುತ್ತಾರೆ. ಆ ಸೋಲಿಗೆ ಬಲಿಯಾಗುವುದು ಪೂರ್ತಿ ಬೆಳೆದು ಹೊರಬರಲು ಸಿದ್ಧವಾಗಿದ್ದ ಜೀವಗಳು. ನಮ್ಮ ಮನೆಯಲ್ಲಿ ಆದದ್ದೂ ಅದೇ.

ನನ್ನ ಬಾಲ್ಯ ಕಳೆದದ್ದು ಕುಂದಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ. ಕಾವಿಗೆ ಬಂದ ಹೇಂಟೆಯನ್ನು ಅಮ್ಮ ಅಡುಗೆಮನೆಯ ಹಿಂದಿನ ಕತ್ತಲ ಮೂಲೆಯಲ್ಲಿ, ಹುಲ್ಲು ಹಾಸಿದ ಹಳೆಯ ಬುಟ್ಟಿಯಲ್ಲಿ ಕೂರಿಸುತ್ತಿದ್ದರು. ಮೊಟ್ಟೆಗಳ ಸಂಖ್ಯೆ ಬೆಸವಾಗಿರಬೇಕೆಂಬುದು ಅವರ ನಿಯಮ. ಇಪ್ಪತ್ತನೆಯ ದಿನದ ಹೊತ್ತಿಗೆ ಬುಟ್ಟಿಯೊಳಗಿನಿಂದ ಚಿಂವ್ ಚಿಂವ್ ಎಂಬ ಕ್ಷೀಣ ಸ್ವರ ಕೇಳಿದೊಡನೆ ನಾವು ಮಕ್ಕಳು ಓಡಿಹೋಗಿ ಕೈ ಚಾಚುತ್ತಿದ್ದೆವು. “ಮುಟ್ಟೂಕಾಗ ಮಗಾ, ಅದೇ ಬತ್ತ್” ಎಂದು ಅಮ್ಮ ತಡೆಯುತ್ತಿದ್ದರು. ಹೇಂಟೆ ಕುಟುಕುತ್ತದೆಂಬ ಭಯಕ್ಕೆ ಹಾಗೆ ಹೇಳುತ್ತಾರೆಂದೇ ನಾನು ಬಹುಕಾಲ ತಿಳಿದಿದ್ದೆ.

2021ರ ಜುಲೈ ತಿಂಗಳಲ್ಲಿ ಡೊಂಬಿವಲಿಯ ನಮ್ಮ ಮೂರನೆಯ ಮಹಡಿಯ ಮನೆಗೆ ಇನ್‌ಕ್ಯುಬೇಟರ್ ಬಂದಿತು. ಮಗಳು ಆಗ ಏಳನೆಯ ತರಗತಿ. ಶಾಲೆಯೆಲ್ಲವೂ ಪರದೆಯ ಮೇಲೆ. ಕರ್ಜತ್ ಕಡೆಯ ಪರಿಚಿತ ರೈತರೊಬ್ಬರಿಂದ ಹನ್ನೆರಡು ನಾಟಿಕೋಳಿ ಮೊಟ್ಟೆಗಳನ್ನು ತಂದೆವು. (ಅಂಗಡಿಯ ಮೊಟ್ಟೆಗಳನ್ನು ಕಾವಿಗಿಟ್ಟು ಮೂರು ವಾರ ಕಾದವರನ್ನು ನಾನು ಬಲ್ಲೆ. ಅವು ಹುಂಜದ ಸಂಪರ್ಕವಿಲ್ಲದ ಕೋಳಿಗಳು ಇಟ್ಟವು. ಎಷ್ಟು ಕಾವು ಕೊಟ್ಟರೂ ಮರಿಯಾಗುವುದಿಲ್ಲ.) ಏಳನೆಯ ದಿನ ಮೊಬೈಲಿನ ಟಾರ್ಚ್ ಬೆಳಕಿಗೆ ಹಿಡಿದು ನೋಡಿದಾಗ ಎರಡು ಬರಡೆಂದು ತಿಳಿಯಿತು. ಉಳಿದ ಹತ್ತರಲ್ಲಿ ಜೇಡರ ಬಲೆಯಂತೆ ಹರಡಿದ ಕೆಂಪು ನರಗಳು, ನಡುವೆ ಮಿಡುಕುವ ಒಂದು ಕಪ್ಪು ಚುಕ್ಕೆ. 21ನೆಯ ದಿನ ಅವುಗಳಲ್ಲಿ ಹೊರಬಂದದ್ದು ಎರಡೇ ಮರಿ. ಮೂರನೆಯದು ಚಿಪ್ಪಿಗೆ ರಂಧ್ರ ಮಾಡಿ, ಕೊಕ್ಕು ಹೊರಗಿಟ್ಟು, ಅಷ್ಟರಲ್ಲೇ ಸತ್ತಿತು. ಉಳಿದ ಏಳು ಮೊಟ್ಟೆಗಳನ್ನು ನಾಲ್ಕು ದಿನ ಕಾದು ಒಡೆದು ನೋಡಿದಾಗ ಒಳಗೆ ರೆಕ್ಕೆ, ಪುಕ್ಕ, ಉಗುರು ಎಲ್ಲವೂ ಮೂಡಿದ ಮರಿಗಳು ನೀರಿನಲ್ಲಿ ನೆನೆದಂತೆ ಊದಿಕೊಂಡು ಮಲಗಿದ್ದವು. ಮಗಳು ಅಂದು ಊಟ ಮಾಡಲಿಲ್ಲ. ತಪ್ಪು ಎಲ್ಲಾಯಿತು ಎಂದು ತಿಳಿಯಲು ನಾನು ಪುಸ್ತಕಗಳ ಮೊರೆಹೋದದ್ದು ಅನಂತರ.

ಹದಿನೆಂಟನೆಯ ದಿನದ ಮೊಟ್ಟೆಯನ್ನು ಬೆಳಕಿಗೆ ಹಿಡಿದರೆ ಬಹುಭಾಗ ಗಾಢ ಕಪ್ಪಾಗಿ ಕಾಣುತ್ತದೆ. ದಪ್ಪ ತುದಿಯಲ್ಲಿ ಮಾತ್ರ ಒಂದು ಬೆಳಕಿನ ಟೊಪ್ಪಿಗೆ. ಅದು ಗಾಳಿಯ ಕೋಶ. ಮೊಟ್ಟೆಯ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಅವುಗಳ ಮೂಲಕ ಕಾವಿನ ದಿನಗಳುದ್ದಕ್ಕೂ ನೀರಿನ ಆವಿ ಹೊರಹೋಗುತ್ತಿರುತ್ತದೆ. ಹೊರಹೋದ ನೀರಿನ ಜಾಗವನ್ನು ಗಾಳಿ ತುಂಬುತ್ತದೆ. ಮರಿಯ ತಲೆ ಸಾಮಾನ್ಯವಾಗಿ ಈ ಕೋಶದ ಕಡೆಗೆ, ಬಲ ರೆಕ್ಕೆಯ ಅಡಿಯಲ್ಲಿ ಹುದುಗಿಕೊಂಡಿರುತ್ತದೆ. ಅಲ್ಲಿಯವರೆಗೆ ಅದರ ಉಸಿರಾಟ ಶ್ವಾಸಕೋಶದಿಂದಲ್ಲ. ಚಿಪ್ಪಿನ ಒಳಮೈಗೆ ಅಂಟಿಕೊಂಡು ಹರಡಿರುವ, ರಕ್ತನಾಳಗಳಿಂದ ತುಂಬಿದ ಒಂದು ಪೊರೆಯೇ ಆಮ್ಲಜನಕವನ್ನು ಒಳಗೆ ತಂದು ಇಂಗಾಲದ ಡೈಆಕ್ಸೈಡನ್ನು ಹೊರಹಾಕುತ್ತಿರುತ್ತದೆ. ಅದೇ ಪೊರೆ ಚಿಪ್ಪಿನಿಂದ ಸುಣ್ಣದಂಶವನ್ನು ಸೆಳೆದು ಮರಿಯ ಮೂಳೆಗಳಿಗೆ ಒದಗಿಸುತ್ತದೆ. ಹೀಗಾಗಿ ಕೊನೆಯ ಹೊತ್ತಿಗೆ ಚಿಪ್ಪು ತುಸು ತೆಳುವಾಗಿರುತ್ತದೆ. ಮನೆಯ ಗೋಡೆಯನ್ನೇ ತಿಂದು ಬೆಳೆದು, ಕೊನೆಗೆ ಅದೇ ಗೋಡೆಯನ್ನು ಒಡೆದು ಹೋಗುವ ಬಾಡಿಗೆದಾರ ಈ ಮರಿ.

ಹತ್ತೊಂಬತ್ತು ಇಪ್ಪತ್ತನೆಯ ದಿನಗಳಲ್ಲಿ ಈ ವ್ಯವಸ್ಥೆ ಸಾಲದಾಗುತ್ತದೆ. ಮರಿ ದೊಡ್ಡದಾಗಿದೆ, ಅದಕ್ಕೆ ಬೇಕಾದಷ್ಟು ಆಮ್ಲಜನಕ ಚಿಪ್ಪಿನ ಸೂಕ್ಷ್ಮರಂಧ್ರಗಳಿಂದ ಬರುವುದಿಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಆ ಉಸಿರುಕಟ್ಟುವಿಕೆಯೇ ಹೊರಡುವ ಸೂಚನೆ. ಕತ್ತಿನ ಹಿಂಭಾಗದಲ್ಲಿ ಈ ಒಂದು ಕೆಲಸಕ್ಕೆಂದೇ ಉಬ್ಬಿಕೊಂಡಿರುವ ಸ್ನಾಯು ಸೆಟೆಯುತ್ತದೆ, ತಲೆ ಮೇಲಕ್ಕೆ ಚಿಮ್ಮುತ್ತದೆ, ಕೊಕ್ಕು ಒಳಪೊರೆಯನ್ನು ಹರಿದು ಗಾಳಿಯ ಕೋಶವನ್ನು ಪ್ರವೇಶಿಸುತ್ತದೆ. ಮರಿ ತನ್ನ ಬದುಕಿನ ಮೊದಲ ಉಸಿರನ್ನು ಎಳೆದುಕೊಳ್ಳುವುದು ಇಲ್ಲಿ, ಇನ್ನೂ ಚಿಪ್ಪಿನೊಳಗಿರುವಾಗಲೇ. ಹೊರಗಿನಿಂದ ನೋಡುವವರಿಗೆ ಏನೂ ಕಾಣುವುದಿಲ್ಲ. ಮೊಟ್ಟೆಯನ್ನು ಕಿವಿಗೆ ಹಿಡಿದವರಿಗೆ ಮಾತ್ರ ಚಿಂವ್ ಎಂಬ ಸ್ವರ ಕೇಳುತ್ತದೆ.

ಗಾಳಿಯ ಕೋಶದ ಆ ಗಾಳಿ ಕೆಲವು ಗಂಟೆಗಳ ಕಾಲಕ್ಕಷ್ಟೇ ಸಾಕು. ಮರಿಯ ಮೇಲಿನ ಕೊಕ್ಕಿನ ತುದಿಯಲ್ಲಿ ‘ಮೊಟ್ಟೆಹಲ್ಲು’ ಎಂದು ಕರೆಯಬಹುದಾದ ಗಟ್ಟಿಯಾದ ಒಂದು ಬಿಳಿಯ ಮೊನೆ ಇರುತ್ತದೆ. ಹುಟ್ಟಿದ ಕೆಲವು ದಿನಗಳಲ್ಲಿ ಅದು ತಾನಾಗಿಯೇ ಉದುರಿಹೋಗುತ್ತದೆ. ಅದರಿಂದ ಚಿಪ್ಪನ್ನು ಒಳಗಿನಿಂದ ಬಡಿದು ಬಡಿದು ಮರಿ ನಕ್ಷತ್ರಾಕಾರದ ಒಂದು ಬಿರುಕನ್ನು ಮಾಡುತ್ತದೆ. ಈಗ ಹೊರಗಿನ ಗಾಳಿ ಒಳಬರುತ್ತದೆ. ಮನೆಮಂದಿಯೆಲ್ಲ ಪೆಟ್ಟಿಗೆಯ ಸುತ್ತ ಸೇರುತ್ತಾರೆ. ಇನ್ನೇನು ಬಂದೇಬಿಟ್ಟಿತು ಎಂದು ಫೋನು ಹಿಡಿದು ಚಿತ್ರ ತೆಗೆಯಲು ಸಿದ್ಧರಾಗುತ್ತಾರೆ. ಆದರೆ ಮರಿ ಏನನ್ನೂ ಮಾಡುವುದಿಲ್ಲ. ಒಂದು ಗಂಟೆ, ಮೂರು ಗಂಟೆ, ಆರು ಗಂಟೆ. ಕೆಲವೊಮ್ಮೆ ಹನ್ನೆರಡು ಗಂಟೆಗೂ ಹೆಚ್ಚು ಕಾಲ ಅದು ಸುಮ್ಮನೆ ಮಲಗಿರುತ್ತದೆ. ನಡುನಡುವೆ ಕೊಕ್ಕು ಬಾಯಿ ತೆರೆದಂತೆ ಆಡುತ್ತದೆ.

ಎಲ್ಲ ಅನಾಹುತಗಳು ನಡೆಯುವುದು ಈ ಗಂಟೆಗಳಲ್ಲಿ. ಮರಿ ಸಿಕ್ಕಿಕೊಂಡಿದೆ, ದಣಿದಿದೆ, ಸ್ವಲ್ಪ ಚಿಪ್ಪು ಬಿಡಿಸಿಕೊಟ್ಟರೆ ಬದುಕೀತು ಎಂದು ಕರುಣಾಳುಗಳಾದ ನಮಗೆ ತೋರುತ್ತದೆ. ವಾಸ್ತವದಲ್ಲಿ ಆ ನಿಶ್ಚಲತೆಯ ಒಳಗೆ ಎರಡು ಮಹತ್ತರ ಕಾರ್ಯಗಳು ನಡೆಯುತ್ತಿರುತ್ತವೆ. ಚಿಪ್ಪಿಗೆ ಅಂಟಿದ್ದ ಪೊರೆಯ ರಕ್ತನಾಳಗಳು ತಮ್ಮಲ್ಲಿದ್ದ ರಕ್ತವನ್ನು ಮರಿಯ ದೇಹಕ್ಕೆ ಹಿಂತಿರುಗಿಸಿ ಒಣಗುತ್ತಿರುತ್ತವೆ, ಉಸಿರಾಟದ ಹೊಣೆ ಪೂರ್ತಿಯಾಗಿ ಶ್ವಾಸಕೋಶಕ್ಕೆ ವರ್ಗಾವಣೆಯಾಗುತ್ತಿರುತ್ತದೆ. ಇತ್ತ ಉಳಿದಿದ್ದ ಹಳದಿಯ ಚೀಲ ಹೊಕ್ಕುಳಿನ ಮೂಲಕ ಹೊಟ್ಟೆಯೊಳಕ್ಕೆ ಸೇರುತ್ತಿರುತ್ತದೆ. ಹತ್ತೊಂಬತ್ತನೆಯ ದಿನದ ಸುಮಾರಿಗೆ ಆರಂಭವಾಗುವ ಈ ಕ್ರಿಯೆ ಮರಿ ಹೊರಬರುವ ಮುನ್ನ ಮುಗಿಯಬೇಕು. ಆ ಹಳದಿಯೇ ಮರಿಯ ಮೊದಲ ಎರಡು ಮೂರು ದಿನಗಳ ಬುತ್ತಿ. ನೈಸರ್ಗಿಕ ಕಾವಿನಲ್ಲಿ ಮೊದಲು ಒಡೆದ ಮರಿ, ಕೊನೆಯ ಮೊಟ್ಟೆ ಒಡೆದು ತಾಯಿ ಏಳುವ ತನಕ ಅನ್ನ ನೀರಿಲ್ಲದೆ ಕಾಯಬಲ್ಲುದು ಈ ಬುತ್ತಿಯ ಬಲದಿಂದಲೇ. ಒಂದು ದಿನದ ಮರಿಗಳನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ರೈಲಿನಲ್ಲಿ, ವಿಮಾನದಲ್ಲಿ ದೂರದೂರುಗಳಿಗೆ ಸಾಗಿಸುವ ಇಡೀ ಉದ್ಯಮ ನಿಂತಿರುವುದೂ ಅದರ ಮೇಲೆಯೇ.

ಅವಸರದಲ್ಲಿ ಚಿಪ್ಪು ಸುಲಿದವರು ಜೀವಂತ ರಕ್ತನಾಳವನ್ನು ಹರಿಯುತ್ತಾರೆ, ಇಲ್ಲವೇ ಹೊಟ್ಟೆಯ ಹೊರಗೆ ತೂಗಾಡುವ ಹಳದಿಯ ಚೀಲದೊಡನೆ ಮರಿಯನ್ನು ಹೊರಗೆಳೆಯುತ್ತಾರೆ. ಎರಡರಲ್ಲಿಯೂ ಮರಿ ಉಳಿಯುವುದು ಅಪರೂಪ. ಅಮ್ಮನ ‘ಅದೇ ಬತ್ತ್’ ಎಂಬ ಮಾತಿನ ಹಿಂದಿದ್ದ ಕಾರಣ ನನಗೆ ಅರ್ಥವಾದದ್ದು ಈ ಚಿತ್ರಗಳನ್ನು ನೋಡಿದ ಮೇಲೆ.

ಕೆಲಸ ಮುಗಿದ ಮರಿ ಮತ್ತೆ ಚಲಿಸತೊಡಗುತ್ತದೆ. ಕಾಲುಗಳಿಂದ ಒದೆಯುತ್ತ, ದಪ್ಪ ತುದಿಯ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾದ ದಿಕ್ಕಿನಲ್ಲಿ ಸ್ವಲ್ಪ ಸ್ವಲ್ಪವೇ ತಿರುಗುತ್ತ, ತಿರುಗಿದಲ್ಲೆಲ್ಲ ಚಿಪ್ಪನ್ನು ಕುಟ್ಟುತ್ತ ಮುಂದುವರಿಯುತ್ತದೆ. ಡಬ್ಬಿಯ ಮುಚ್ಚಳವನ್ನು ಕತ್ತರಿಸಿ ತೆಗೆದಂತೆ ಚಿಪ್ಪಿನ ತಲೆಯ ಭಾಗ ಸುತ್ತಲೂ ಬಿಟ್ಟುಕೊಳ್ಳುತ್ತದೆ. ಬಳಿಕ ಒಂದೆರಡು ಬಲವಾದ ಒದೆತಗಳು. ಒದ್ದೆಯಾದ, ಮುದ್ದೆಯಾದ, ನಿಜ ಹೇಳಬೇಕೆಂದರೆ ಅಷ್ಟೇನೂ ಸುಂದರವಲ್ಲದ ಒಂದು ಜೀವ ಹೊರಗೆ ಬಿದ್ದು ಏದುಸಿರು ಬಿಡುತ್ತದೆ. ಈ ಕೊನೆಯ ಸುತ್ತು ಒಂದು ಗಂಟೆಯೊಳಗೂ ಮುಗಿದೀತು, ಕೆಲವು ಗಂಟೆಗಳೂ ಆದಾವು.

ಇಷ್ಟು ತಿಳಿದ ಮೇಲೆ ಪೆಟ್ಟಿಗೆಯ ಹೊರಗಿನ ನಿಯಮಗಳಿಗೆ ಅರ್ಥ ಬರುತ್ತದೆ. ಮೊದಲ 18 ದಿನಗಳಲ್ಲಿ ಮೊಟ್ಟೆಗಳನ್ನು ದಿನಕ್ಕೆ ಹಲವು ಬಾರಿ ತಿರುಗಿಸಬೇಕು, ಇಲ್ಲವಾದರೆ ಭ್ರೂಣ ಪೊರೆಗೆ ಅಂಟಿಕೊಳ್ಳುತ್ತದೆ. ಹೇಂಟೆ ಕೊಕ್ಕಿನಿಂದ ಮೊಟ್ಟೆಗಳನ್ನು ಸರಿಸುತ್ತಿರುವುದು ಅದಕ್ಕಾಗಿಯೇ. ಹದಿನೆಂಟರ ಬಳಿಕ ತಿರುಗಿಸುವುದನ್ನು ನಿಲ್ಲಿಸಬೇಕು, ಏಕೆಂದರೆ ಮರಿ ಈಗ ತನ್ನ ದಿಕ್ಕನ್ನು ತಾನೇ ಹಿಡಿಯುತ್ತಿದೆ. ಯಂತ್ರದೊಳಗೆ ತಿರುಗಿಸುವ ತಟ್ಟೆಯಿದ್ದರೆ ಅದನ್ನು ತೆಗೆದು, ಒರಟಾದ ಬಟ್ಟೆಯನ್ನೋ ಜಾಲರಿಯನ್ನೋ ಹಾಸಿ, ಮೊಟ್ಟೆಗಳನ್ನು ಅಡ್ಡಲಾಗಿ ಮಲಗಿಸಬೇಕು. ನುಣುಪಾದ ತಳದ ಮೇಲೆ ಹುಟ್ಟಿದ ಮರಿಯ ಕಾಲುಗಳು ಜಾರಿ ಎರಡೂ ಬದಿಗೆ ಚಾಚಿಕೊಳ್ಳುತ್ತವೆ. ವೃತ್ತಪತ್ರಿಕೆ ಹಾಸುವುದು ಈ ಕಾರಣಕ್ಕಾಗಿಯೇ ಸರಿಯಲ್ಲ.

ಫ್ಯಾನ್ ಇರುವ ಯಂತ್ರದಲ್ಲಿ ಉಷ್ಣತೆ 37.5 ಡಿಗ್ರಿ ಸೆಲ್ಸಿಯಸ್, ಅಂದರೆ 99.5 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ಮಗುವಿನ ಮೈ ಮುಟ್ಟಿ ‘ಸ್ವಲ್ಪ ಬೆಚ್ಚಗಿದೆ’ ಎಂದು ತಾಯಂದಿರು ಹೇಳುವ ಶಾಖ ಅದು. ಮನೆಯಲ್ಲಿರುವ ಜ್ವರ ನೋಡುವ ಥರ್ಮಾಮೀಟರ್ ಆ ಅಳತೆಯಲ್ಲಿ ಕರಾರುವಾಕ್ಕಾಗಿರುವುದರಿಂದ ಯಂತ್ರ ತೋರಿಸುವ ಅಂಕಿಯನ್ನು ಅದರೊಡನೆ ತಾಳೆ ನೋಡಬಹುದು. ಅಗ್ಗದ ಯಂತ್ರಗಳ ಅಂಕಿಗಳನ್ನು ನಾನಂತೂ ನಂಬುವುದಿಲ್ಲ. ಈಜಿಪ್ಟಿನಲ್ಲಿ ಮಣ್ಣಿನ ಗೂಡುಗಳಲ್ಲಿ ಬೆಂಕಿಯ ಶಾಖದಿಂದ ಮರಿ ಮಾಡಿಸುವ ವಿದ್ಯೆ ಎರಡು ಸಾವಿರ ವರ್ಷಗಳಿಗೂ ಹಿಂದಿನದು. ಅರಿಸ್ಟಾಟಲನೂ ಈಜಿಪ್ಟಿನ ಕೃತಕ ಕಾವನ್ನು ಉಲ್ಲೇಖಿಸಿದ್ದಾನೆ. ಅಲ್ಲಿನ ಕಸುಬಿನವರಲ್ಲಿ ಥರ್ಮಾಮೀಟರ್ ಇರಲಿಲ್ಲ; ಅವರು ಮೊಟ್ಟೆಯನ್ನು ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿ ಶಾಖವನ್ನು ಅಳೆಯುತ್ತಿದ್ದರು.

ಕೊನೆಯ ದಿನಗಳಲ್ಲಿ ಮರಿಗಳೇ ಶಾಖವನ್ನು ಹೊರಸೂಸುತ್ತವೆ. ಆದ್ದರಿಂದ ಉಷ್ಣತೆಯನ್ನು ಅರ್ಧ ಡಿಗ್ರಿಯಷ್ಟು ಇಳಿಸುವವರುಂಟು, ಏರಿಸುವುದಂತೂ ಸಲ್ಲದು. ವಿದ್ಯುತ್ ಹೋದರೆ ಗಾಬರಿಯಾಗಬೇಕಿಲ್ಲ. ಗಾಳಿಕಿಂಡಿಗಳನ್ನು ಬಿಟ್ಟು ಉಳಿದ ಭಾಗಕ್ಕೆ ಕಂಬಳಿ ಹೊದಿಸಿದರೆ ಬೆಳೆದ ಮರಿಗಳು ಒಂದೆರಡು ಗಂಟೆಗಳ ತಂಪನ್ನು ತಾಳಿಕೊಳ್ಳುತ್ತವೆ. ಅತಿಯಾದ ಬಿಸಿಯನ್ನು ಅಷ್ಟು ಹೊತ್ತು ತಾಳಲಾರವು. ಗಾಳಿಕಿಂಡಿಗಳು ಪೂರ್ತಿ ತೆರೆದಿರಬೇಕು. ಹತ್ತು ಮರಿಗಳು ಒಮ್ಮೆಗೇ ಉಸಿರಾಡಲು ಆರಂಭಿಸುವ ದಿನಗಳಿವು.

ಇನ್ನು ತೇವಾಂಶ. ನಮ್ಮ ಮೊದಲ ಸೋಲಿನ ಮೂಲ ಇಲ್ಲಿತ್ತು. ಮೊದಲ 18 ದಿನಗಳಲ್ಲಿ ಪೆಟ್ಟಿಗೆಯೊಳಗಿನ ಸಾಪೇಕ್ಷ ತೇವಾಂಶ ಶೇಕಡಾ 45ರಿಂದ 55ರಷ್ಟಿದ್ದರೆ ಸಾಕು. ಕೊನೆಯ ಮೂರು ದಿನ 65ರಿಂದ 70ಕ್ಕೆ ಏರಬೇಕು. ಯಂತ್ರದೊಡನೆ ಬಂದ ಚೀಟಿಯಲ್ಲಿ ಮೊದಲ ದಿನದಿಂದಲೇ ನೀರಿನ ತೊಟ್ಟಿಯನ್ನು ತುಂಬಿಸಿ ಎಂದಿತ್ತು, ನಾನು ತುಂಬಿಸಿದೆ. ಜುಲೈ ತಿಂಗಳ ಮುಂಬಯಿಯ ಗಾಳಿಯ ಸ್ವಭಾವವನ್ನು ಆ ಚೀಟಿ ಬರೆದವರು ಕಂಡಿರಲಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿ 28 ಡಿಗ್ರಿಯಷ್ಟಿದ್ದು ತೇವಾಂಶ ಶೇಕಡಾ 85 ಇದೆಯೆಂದುಕೊಳ್ಳೋಣ. ಅದೇ ಗಾಳಿಯನ್ನು 37.5 ಡಿಗ್ರಿಗೆ ಬಿಸಿಮಾಡಿದರೆ, ಬಿಸಿಗಾಳಿ ಹೆಚ್ಚು ಆವಿಯನ್ನು ಹಿಡಿದಿಡಬಲ್ಲುದಾದ್ದರಿಂದ, ಅದರ ಸಾಪೇಕ್ಷ ತೇವಾಂಶ ಸುಮಾರು 50ಕ್ಕೆ ಇಳಿಯುತ್ತದೆ. ಅಂದರೆ ಒಂದು ಹನಿ ನೀರೂ ಹಾಕದೆ ಪೆಟ್ಟಿಗೆಯೊಳಗೆ ಬೇಕಾದಷ್ಟು ತೇವ ಇತ್ತು! ಅದರ ಮೇಲೆ ತೊಟ್ಟಿ ತುಂಬಿಸಿದ ಫಲವಾಗಿ ಮೊಟ್ಟೆಗಳೊಳಗಿನ ನೀರು ಹೊರಹೋಗಲಿಲ್ಲ, ಗಾಳಿಯ ಕೋಶ ಬೆಳೆಯಲಿಲ್ಲ. ಹೊರಬರುವ ಹೊತ್ತಿಗೆ ತಿರುಗಲು ಜಾಗವಿಲ್ಲದೆ, ಉಸಿರಿಗೆ ಗಾಳಿ ಸಾಲದೆ ಏಳು ಮರಿಗಳು ಒಳಗೇ ಮುಳುಗಿದವು.

ಊರೂರಿಗೆ ಈ ಲೆಕ್ಕ ಬೇರೆ. ದೆಹಲಿಯ ಚಳಿಗಾಲದಲ್ಲಿ 20 ಡಿಗ್ರಿಯ ಕೋಣೆಯ ಗಾಳಿ ಶೇಕಡಾ 50ರಷ್ಟು ತೇವವಿದ್ದರೂ ಪೆಟ್ಟಿಗೆಯೊಳಗೆ 18ರ ಆಸುಪಾಸಿಗೆ ಕುಸಿಯುತ್ತದೆ. ಹೈದರಾಬಾದಿನ ಬೇಸಗೆಯ ಒಣಗಾಳಿಯದೂ ಬಹುಮಟ್ಟಿಗೆ ಅದೇ ಕಥೆ; ಅಲ್ಲಿನವರು ಮೊದಲ ದಿನದಿಂದಲೇ ನೀರು ಇಡಲೇಬೇಕು. ಚೆನ್ನೈಯವರು ಕಡಲಿನ ಮಗ್ಗುಲಲ್ಲಿರುವವರು, ನಮ್ಮಂತೆಯೇ ಕೈ ಹಿಡಿದು ನೀರು ಹಾಕಬೇಕಾದವರು.

ಇದನ್ನು ಪರೀಕ್ಷಿಸುವ ಉತ್ತಮ ಸಾಧನ ತಕ್ಕಡಿ. ಕಾವಿಗಿಡುವಾಗಿನ ತೂಕದಲ್ಲಿ ಸುಮಾರು ಶೇಕಡಾ 12ರಷ್ಟನ್ನು ಮೊಟ್ಟೆ 18ನೆಯ ದಿನದೊಳಗೆ ಕಳೆದುಕೊಳ್ಳಬೇಕು; 52 ಗ್ರಾಂ ಇದ್ದದ್ದು 46ಕ್ಕೆ ಇಳಿದರೆ ಸರಿ. ತೇವಮಾಪಕವನ್ನೂ ಪರೀಕ್ಷಿಸಬಹುದು. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ಹಾಕಿ, ಕರಗಿಹೋಗದಷ್ಟು ನೀರಿನಿಂದ ಒದ್ದೆ ಮಾಡಿ, ಮಾಪಕದೊಡನೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟರೆ ಒಳಗಿನ ತೇವಾಂಶ ಶೇಕಡಾ 75ಕ್ಕೆ ನಿಲ್ಲುತ್ತದೆ. ಮಾಪಕ ಬೇರೆ ಅಂಕಿ ತೋರಿಸಿದರೆ ಆ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳುವುದು.

ಹಾಗಾದರೆ ಕೊನೆಯ ದಿನಗಳಲ್ಲಿ ತೇವವನ್ನು ಏರಿಸುವುದೇಕೆ? ಚಿಪ್ಪಿನಲ್ಲಿ ಬಿರುಕು ಬಿದ್ದೊಡನೆ ಒಳಗಿನ ಪೊರೆ ಹೊರಗಾಳಿಗೆ ತೆರೆದುಕೊಳ್ಳುತ್ತದೆ. ಗಾಳಿ ಒಣಗಿದ್ದರೆ ಆ ತೆಳುಪೊರೆ ಹಾಲಿನ ಮೇಲಿನ ಕೆನೆ ಒಣಗಿದಂತೆ ಗಡುಸಾಗಿ ಮರಿಯ ಮೈಗೆ ಬಿಗಿದುಕೊಳ್ಳುತ್ತದೆ. ಮರಿ ತಿರುಗಲಾರದು, ತಿರುಗದೆ ಚಿಪ್ಪು ಕತ್ತರಿಸಲಾರದು. ನಮ್ಮ ಮೂರನೆಯ ಮರಿ ಸತ್ತದ್ದು ಹೀಗೆ. ಮೊದಲ ಮರಿ ಹೊರಬಂದ ಸಂಭ್ರಮದಲ್ಲಿ ಮಗಳು ಅರ್ಧಗಂಟೆಗೊಮ್ಮೆ ಮುಚ್ಚಳ ತೆರೆದು ನೋಡುತ್ತಿದ್ದಳು, ನಾನೂ ಎರಡು ಸಲ ತೆರೆದೆ. ಕಾಫಿ ಲೋಟಕ್ಕೆ ಊದಿದಷ್ಟು ಹೊತ್ತು ತೆರೆದರೂ ಸಣ್ಣ ಪೆಟ್ಟಿಗೆಯ ಬಿಸಿ ತೇವದ ಗಾಳಿಯೆಲ್ಲ ಹೊರಗೆ ಹೋಗುತ್ತದೆ. ಮುಚ್ಚಳ ಹಾಕಿದ ಮೇಲೆ ಬಿಸಿ ಬೇಗ ಮರಳಬಹುದು, ತೇವ ಮರಳಲು ಹೊತ್ತು ಬೇಕು. ಮಳೆಗಾಲವಲ್ಲವೇ ಎಂದು ಕೇಳುವವರಿಗೆ, ಆ ಕೋಣೆಯಲ್ಲಿ ಅಂದು ಏಸಿ ಓಡುತ್ತಿತ್ತು ಎಂಬುದನ್ನೂ ಹೇಳಬೇಕು.

ಹೊರಬಂದ ಮರಿಗಳನ್ನು ಒಡನೆಯೇ ತೆಗೆಯಬೇಕಾಗಿಲ್ಲ. ಅವು ಒಣಗಿ ನವಿರು ಬಿಡಿಸಿಕೊಳ್ಳುವ ತನಕ, ಬೇಕಾದರೆ 24 ಗಂಟೆಗಳ ಕಾಲ, ಒಳಗೇ ಇರಲಿ. ಅವುಗಳ ಕೂಗಾಟದಿಂದ ಉಳಿದ ಮೊಟ್ಟೆಗಳಿಗೆ ತೊಂದರೆಯೇನಿಲ್ಲ. ಹಕ್ಕಿಮರಿಗಳು ಮೊಟ್ಟೆಯೊಳಗಿನಿಂದಲೇ ಪರಸ್ಪರ ಸಂಕೇತ ನೀಡುತ್ತವೆಂಬುದನ್ನು ಇಂಗ್ಲೆಂಡಿನ ಮಾರ್ಗರೆಟ್ ವಿನ್ಸ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಲಾವಕ್ಕಿಯ ಜಾತಿಯ ಹಕ್ಕಿಯ ಮೊಟ್ಟೆಗಳ ಮೇಲೆ ನಡೆಸಿದ ಪ್ರಯೋಗಗಳಿಂದ ತೋರಿಸಿದರು. ಒಂದಕ್ಕೊಂದು ತಾಗಿಸಿಟ್ಟ ಮೊಟ್ಟೆಗಳಲ್ಲಿ ಮುಂದಿರುವ ಮರಿಯ ಉಸಿರಾಟದ ಟಕ್ ಟಕ್ ಸದ್ದನ್ನು ಕೇಳಿ ಹಿಂದುಳಿದದ್ದು ತನ್ನ ಕೆಲಸವನ್ನು ಚುರುಕುಗೊಳಿಸುತ್ತದೆ. ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳಿಗೆ ಎಲ್ಲ ಮರಿಗಳೂ ಒಟ್ಟಿಗೆ ಹೊರಟುಬಿಡುವುದು ಜೀವ ಉಳಿಸುವ ಮಾತು.

ಸಹಾಯ ಮಾಡಲೇಬಾರದೇ ಎಂಬ ಪ್ರಶ್ನೆ ಉಳಿಯುತ್ತದೆ. ಮೊದಲ ಬಿರುಕು ಕಂಡು 24 ಗಂಟೆಗಳು ಕಳೆದರೂ ಒಂದಿಷ್ಟೂ ಪ್ರಗತಿಯಿಲ್ಲದೆ, ಪೊರೆ ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಕೈಹಾಕುವುದು ನ್ಯಾಯ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ, ಮರಿಯ ಮೂಗಿಗೆ ನೀರು ಹೋಗದಂತೆ ಪೊರೆಯನ್ನು ನೆನೆಸಿ, ದಪ್ಪ ತುದಿಯ ಚಿಪ್ಪನ್ನು ಚೂರು ಚೂರಾಗಿ ತೆಗೆಯಬೇಕು. ಎಲ್ಲಿಯಾದರೂ ಕೆಂಪು ನರ ಕಂಡರೆ ಅಥವಾ ಒಂದು ಹನಿ ರಕ್ತ ಜಿನುಗಿದರೆ ತಕ್ಷಣ ನಿಲ್ಲಿಸಿ ಮೊಟ್ಟೆಯನ್ನು ಒಳಗಿಡಬೇಕು. ಒಳಗಿನ ಕೆಲಸ ಮುಗಿದಿಲ್ಲವೆಂದೇ ಅದರ ಅರ್ಥ. ತಲೆಯ ಭಾಗ ಬಿಡುಗಡೆಯಾದ ಮೇಲೆ ಉಳಿದದ್ದನ್ನು ಮರಿಯೇ ಮಾಡಿಕೊಳ್ಳಲಿ. ಹೊಕ್ಕುಳಿನ ಬಳಿ ಅಂಟಿದ ಎಳೆಯನ್ನು ಎಳೆಯಬಾರದು. ಇಷ್ಟಾದರೂ ಕೆಲವು ಉಳಿಯುವುದಿಲ್ಲ. ಶಾಖ ಸ್ವಲ್ಪ ಕಡಿಮೆಯಾಗಿದ್ದರೆ ಮರಿಗಳು ಒಂದು ದಿನ ತಡವಾಗಿ ಬರುತ್ತವೆ, ಆದ್ದರಿಂದ 23ನೆಯ ದಿನದ ತನಕ ಕಾಯದೆ ಯಾವ ಮೊಟ್ಟೆಯನ್ನೂ ಎಸೆಯಬಾರದು.

ಲಕ್ಷಗಟ್ಟಲೆ ಮರಿ ಮಾಡಿಸುವ ಹ್ಯಾಚರಿಗಳಲ್ಲಿಯೂ ಇದೇ ಕ್ರಮ. ಮೊದಲ 18 ದಿನಗಳಿಗೆ ಒಂದು ಯಂತ್ರ, ಕೊನೆಯ ದಿನಗಳಿಗೆ ಬೇರೊಂದು ಯಂತ್ರ, ಬೇರೊಂದು ಕೋಣೆ. ಭಾರತದಲ್ಲಿ ಈ ಉದ್ಯಮವನ್ನು ಬೆಳೆಸಿದವರಲ್ಲಿ ಪ್ರಮುಖರಾದ ಡಾ. ಬಿ. ವಿ. ರಾವ್ ಅವರು ವೆಂಕಟೇಶ್ವರ ಹ್ಯಾಚರೀಸ್ ಸಂಸ್ಥೆಯನ್ನು 1971ರಲ್ಲಿ ಆರಂಭಿಸಿದರು. ಪುಣೆಯ ನಮ್ಮ ಓದುಗರಿಗೆ ಆ ಹೆಸರು ಪರಿಚಿತ. ಊರಿನ ಹಿತ್ತಿಲಲ್ಲಿ ಸಾಕಲು ಬಯಸುವವರಿಗೆ ಹೈದರಾಬಾದಿನ ರಾಜೇಂದ್ರನಗರದ ಕುಕ್ಕುಟ ಸಂಶೋಧನಾ ನಿರ್ದೇಶನಾಲಯ ಅಭಿವೃದ್ಧಿಪಡಿಸಿದ ವನರಾಜ, ಗ್ರಾಮಪ್ರಿಯ ತಳಿಗಳಿವೆ, ಬೆಂಗಳೂರಿನ ಹೆಬ್ಬಾಳದಿಂದ ಬಂದ ಗಿರಿರಾಜ ಇದೆ. ಇವು ಮೊಟ್ಟೆಗೂ ಮಾಂಸಕ್ಕೂ ಒದಗುವಂಥವು, ಆದರೆ ಕಾವು ಕೂರುವ ಗುಣ ಇವುಗಳಲ್ಲಿ ನಾಟಿ ಹೇಂಟೆಗಿರುವಷ್ಟು ಇಲ್ಲ. ಇನ್‌ಕ್ಯುಬೇಟರಿನ ಅಗತ್ಯ ಬೀಳುವುದು ಇದರಿಂದಲೂ ಹೌದು.

ಯಂತ್ರ ಕೊಳ್ಳುವ ಮುನ್ನ ಯೋಚಿಸಬೇಕಾದ ಮಾತೊಂದಿದೆ. ಹುಟ್ಟುವ ಮರಿಗಳಲ್ಲಿ ಸುಮಾರು ಅರ್ಧ ಹುಂಜಗಳು. ನಸುಕಿನ ನಾಲ್ಕು ಗಂಟೆಗೆ ಕೂಗುವ ಹುಂಜವನ್ನು ಯಾವ ಹೌಸಿಂಗ್ ಸೊಸೈಟಿಯೂ ಸಹಿಸುವುದಿಲ್ಲ, ಸಹಿಸಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಮೊಟ್ಟೆಕೋಳಿ ಉದ್ಯಮದಲ್ಲಿ ಗಂಡುಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವ ಪದ್ಧತಿ ಲೋಕದೆಲ್ಲೆಡೆ ಇದೆ. ಜರ್ಮನಿ 2022ರಿಂದ ಅದನ್ನು ನಿಷೇಧಿಸಿತು. ಮನೆಯಲ್ಲಿ ಮಕ್ಕಳೆದುರು ಹುಟ್ಟಿಸಿದ ಮರಿಗಳು ಮುಂದೆ ಎಲ್ಲಿಗೆ ಹೋಗುತ್ತವೆ ಎಂಬುದಕ್ಕೆ ಉತ್ತರವಿಲ್ಲದಿದ್ದರೆ ಮೊಟ್ಟೆಗಳನ್ನು ತಾರದಿರುವುದೇ ಲೇಸು. ನಾವು ಎರಡನೆಯ ಸಲ ಮೊಟ್ಟೆ ತರುವಾಗ, ಒಂದು ತಿಂಗಳು ಸಾಕಿದ ಮೇಲೆ ಮರಿಗಳನ್ನು ಅದೇ ರೈತರು ಮರಳಿ ಪಡೆಯುವುದೆಂದು ಮಾತಾಯಿತು.

ಅದು 2021ರ ನವೆಂಬರ್. ಹನ್ನೆರಡರಲ್ಲಿ ಹತ್ತು ಮೊಟ್ಟೆಗಳು 18ನೆಯ ದಿನಕ್ಕೆ ತಲುಪಿದವು. ಮಗಳು ಪ್ರತಿಯೊಂದರ ತೂಕವನ್ನೂ ಪೆನ್ಸಿಲಿನಿಂದ ಚಿಪ್ಪಿನ ಮೇಲೆ ಬರೆದಿದ್ದಳು. ಅಂದು ಸಂಜೆ ತೊಟ್ಟಿ ತುಂಬಿಸಿ, ಮುಚ್ಚಳ ಹಾಕಿ, ಅದರ ಮೇಲೆ ದಪ್ಪನೆಯ ಶಬ್ದಕೋಶವೊಂದನ್ನು ಅವಳೇ ಇಟ್ಟಳು. ತೆರೆಯಬೇಕೆನ್ನಿಸಿದವರು ಮೊದಲು ಅದನ್ನು ಎತ್ತಬೇಕು. ಇಪ್ಪತ್ತನೆಯ ರಾತ್ರಿ ನಾಲ್ಕು ಮೊಟ್ಟೆಗಳಲ್ಲಿ ಬಿರುಕು ಕಂಡಿತು. ಒಂದು ಮರಿ ಹದಿನಾಲ್ಕು ಗಂಟೆಗಳ ಕಾಲ ಅಲುಗಲಿಲ್ಲ. ಆ ರಾತ್ರಿ ನಾನು ಎರಡು ಬಾರಿ ಎದ್ದು ಹೋಗಿ ಶಬ್ದಕೋಶದ ಮೇಲೆ ಕೈಯಿಟ್ಟು ಮರಳಿದ್ದುಂಟು. ಮರುದಿನ ಮಧ್ಯಾಹ್ನ ಅದೂ ಬಂದಿತು. ಒಟ್ಟು ಒಂಬತ್ತು. ಹತ್ತನೆಯದರ ತಲೆ ಚೂಪು ತುದಿಯ ಕಡೆಗಿತ್ತು. ಗಾಳಿಯ ಕೋಶ ಅದಕ್ಕೆ ದೊರೆಯಲಿಲ್ಲ.

ಸಂಜೆ ಊರಿಗೆ ಫೋನು ಮಾಡಿ ಅಮ್ಮನಿಗೆ ತಿಳಿಸಿದೆ. ತೇವಾಂಶ, ತೂಕ, ಉಷ್ಣತೆ ಎಲ್ಲವನ್ನೂ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: “ಹುಂಜ ಎಷ್ಟ್, ಹೇಂಟೆ ಎಷ್ಟ್?” ನಾಟಿಕೋಳಿಗಳಲ್ಲಿ ಅದು ಸರಿಯಾಗಿ ತಿಳಿಯಬೇಕಾದರೆ ಆರರಿಂದ ಎಂಟು ವಾರ ಬೇಕು. ಅಷ್ಟರಲ್ಲಿ ಅವು ಕರ್ಜತ್ ಸೇರಿದ್ದವು.